ಅಳೆದು ನೋಡ್ದೆ "ಪ್ರೆಶರ್ ಇಲ್ಲ" ಅನ್ನೋರಿಗೆ

ಹೋದ ತಿಂಗಳು ನಾನು ಮೆಕ್ಯಾನಿಕ್ ಜೊತೆ ಬೀದಿಲಿ ನಿಂತು ಜಗಳ ಆಡಿದ್ದು ಶೆಟ್ಟಿಹಳ್ಳಿ ದಾಟಿ ಮಲ್ಲಸಂದ್ರದವರೆಗೂ ಹೋಗಿದೆ. ಅಲ್ಲಿಂದ ಚಿಕ್ಕತ್ತೆ ಫೋನ್ ಮಾಡಿ, "ಗಂಡಸ್ರ ಗಾಡಿ ವಿಷ್ಯಕ್ಕೆ ನೀನ್ಯಾಕಮ್ಮ ತಲೆ ಹಾಕ್ತೀಯ" ಅಂದ್ರು. ಯಾಕೆ ಅಂತ ಇಲ್ಲೇ ಬರೀತೀನಿ, ಎಲ್ರೂ ಓದ್ಕೊಳ್ಳಿ. ಅವನು ಕೇಳಿದ್ದು ಮೂವತ್ತೈದು ಸಾವಿರ. ಮಗಳ ಕಾಲೇಜ್ ಫೀಸಿಗೆ ಅಂತ ಚೀಟಿ ಎತ್ತಿ ಇಟ್ಟಿದ್ದ ದುಡ್ಡು ಅದು. ತಲೆ ಹಾಕ್ದೆ ಇನ್ನೇನ್ ಮಾಡ್ಲಿ?

ಗಾಡಿ ನಮ್ಮ ಮಾವನೋರದ್ದು. 1978ರ ಬುಲೆಟ್ 350, ಹಳೇ ಕಬ್ಬಿಣದ ಇಂಜಿನ್ನು. ಜಾಲಹಳ್ಳಿ ಎಚ್‌ಎಂಟಿಗೆ ಅದ್ರಲ್ಲೇ ಡ್ಯೂಟಿಗೆ ಹೋಗ್ಬರ್ತಿದ್ರು. ಕಣ್ಣು ಮಂಜಾದ್ಮೇಲೆ ಎರಡು ವರ್ಷ ಮೂಲೇಲಿ ನಿಂತಿತ್ತು. ಯುಗಾದಿ ಹೊತ್ತಿಗೆ ಸ್ಟಾರ್ಟ್ ಮಾಡ್ಸೋಣ ಅಂತ ನಮ್ಮೋರು ಮೆಕ್ಯಾನಿಕ್ ಕರೆಸಿದ್ರು. ಅವನು ಅಳತೆ ಕಡ್ಡಿ ಎತ್ತಿ ನೋಡ್ದ, ಆಯಿಲ್ ಇಲ್ಲ. ಒಂದು ಲೀಟರ್ ಸುರಿದ. ಕಿಕ್ ಹೊಡ್ದ. ಕಟಕಟ ಸದ್ದು, ಹೊಗೆ, ಬ್ರೀದರ್ ಪೈಪಿಂದ ಅಂಗಳದ ತುಂಬಾ ಎಣ್ಣೆ, ನಾನು ಬೆಳಿಗ್ಗೆ ಹಾಕಿದ್ದ ರಂಗೋಲಿ ಮೇಲೆ. "ಆಯಿಲ್ ಪ್ರೆಶರ್ ಇಲ್ಲ ಸಾರ್, ಕ್ರಾಂಕ್ ಹೋಗಿದೆ, ರಿಂಗೂ ಹೋಗಿದೆ, ಇಂಜಿನ್ ಫುಲ್ ಇಳಿಸ್ಬೇಕು" ಅಂದ. ಒಳಗೆ ಮಂಚದ ಮೇಲೆ ಕೂತಿದ್ದ ಮಾವನೋರಿಗೆ ಕೇಳಿಸ್ತು. ಮುಖ ಸಣ್ಣಗಾಯ್ತು. ಒಂದು ಮಾತಾಡ್ಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಪ್ರೆಶರ್ ಇಲ್ಲ ಅಂತೀಯಲ್ಲಪ್ಪ, ಅಳೆದದ್ದು ಎಲ್ಲಿ?" ಆ ಗಾಡೀಲಿ ಆಯಿಲ್ ಪ್ರೆಶರಿಗೆ ಮೀಟರೂ ಇಲ್ಲ, ಲೈಟೂ ಇಲ್ಲ. ಇವನು ಸ್ಪ್ಯಾನರ್ ಒಂದೂ ಹಾಕಿಲ್ಲ. ಕಿವಿಲಿ ಕೇಳಿ ಮೂವತ್ತೈದು ಸಾವಿರದ ತೀರ್ಪು! ನಮ್ಗೆ ತಲೆ ಸುತ್ತು ಅಂತ ಹೋದ್ರೆ ಡಾಕ್ಟ್ರು ಮೊದ್ಲು ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡ್ತಾರೆ ಕಣ್ರೀ, ನೆಟ್ಟಗೆ ಆಪರೇಷನ್ ಟೇಬಲ್ ಮೇಲೆ ಮಲಗ್ಸಲ್ಲ. ಅದಕ್ಕೇ ಜಗಳ ಆಗಿದ್ದು.

ಇದ್ರಲ್ಲಿ ನಮ್ಗೆ ಅರ್ಥ ಆಗ್ದೇ ಇರೋದು ಏನೂ ಇಲ್ಲ. ನಮ್ಮನೇಲಿ ಸಂಪಿಂದ ಓವರ್‌ಹೆಡ್ ಟ್ಯಾಂಕಿಗೆ ನೀರು ಹತ್ತಿಸೋರು ಯಾರು? ಮೋಟ್ರು ಓಡ್ತಿದೆ, ನೀರು ಹತ್ತುತ್ತಿಲ್ಲ ಅಂದ್ರೆ ನಾವೇನ್ ಮಾಡ್ತೀವಿ? ಸಂಪಲ್ಲಿ ನೀರಿದ್ಯಾ, ಫುಟ್‌ವಾಲ್ವಲ್ಲಿ ಕಸ ಸಿಕ್ಕಿದ್ಯಾ, ಪೈಪು ಗಾಳಿ ಹಿಡ್ಕೊಂಡಿದ್ಯಾ, ಕೆಳಗೆ ಯಾರಾದ್ರೂ ನಲ್ಲಿ ಬಿಟ್ಟಿದಾರಾ ಅಂತ ನೋಡ್ತೀವಿ. ಬುಲೆಟ್ ಒಳಗೂ ಅಷ್ಟೇ. ಒಂದು ಪಂಪು ಆಯಿಲ್ ಟ್ಯಾಂಕಿಂದ ಎಳೆದು ಫಿಲ್ಟರ್ ಮೂಲಕ ಕ್ರಾಂಕಿಗೆ ತಳ್ಳುತ್ತೆ, ಇನ್ನೊಂದು ಕೆಳಗೆ ಬಿದ್ದ ಎಣ್ಣೇನ ಬಾಚಿ ವಾಪಸ್ ಟ್ಯಾಂಕಿಗೆ ಕಳಿಸುತ್ತೆ. ಪಂಪು ಕೊಡೋದು ಹರಿವು. ಆ ಹರಿವಿಗೆ ಮುಂದೆ ಇಕ್ಕಟ್ಟು ಸಿಕ್ಕಾಗ ಪ್ರೆಶರ್ ಹುಟ್ಟುತ್ತೆ, ಪೈಪಿನ ಬಾಯಿ ಹೆಬ್ಬೆರಳಲ್ಲಿ ಒತ್ತಿ ಗಿಡಕ್ಕೆ ನೀರು ಚಿಮ್ಮಿಸ್ತೀವಲ್ಲ ಹಾಗೆ. ಪ್ರೆಶರ್ ಕಮ್ಮಿ ಅಂದ್ರೆ ಎಣ್ಣೆ ಬರ್ತಿಲ್ಲ, ಇಲ್ಲಾ ಪಂಪು ಸೋತಿದೆ, ಇಲ್ಲಾ ದಾರೀಲಿ ಸೋರ್ತಿದೆ. ಕ್ರಾಂಕ್ ಸವೆದಿರೋದು ಕೊನೇ ಅನುಮಾನ ಆಗ್ಬೇಕು, ಮೊದಲ್ನೇದಲ್ಲ.

ಮೊದ್ಲು ಆ ಅಳತೆ ಕಡ್ಡಿ ಕಥೆ. ಹಳೇ ಬುಲೆಟ್ಟು ತುಂಬಾ ದಿನ ನಿಂತ್ರೆ ಟ್ಯಾಂಕಿನ ಎಣ್ಣೆ ಪಂಪಿನ ಸಂದಿಂದ ನಿಧಾನಕ್ಕೆ ಕ್ರಾಂಕ್ ಇರೋ ಕೋಣೆಗೆ ಇಳಿದುಬಿಡುತ್ತೆ. ಕಡ್ಡಿ ಒಣಗಿರುತ್ತೆ, ಎಣ್ಣೆ ಗಾಡಿ ಒಳಗೇ ಇರುತ್ತೆ. ಅದ್ರ ಮೇಲೆ ಇನ್ನೊಂದು ಲೀಟರ್ ಸುರಿದ್ರೆ ಎಲ್ಲೋಗ್ಬೇಕದು? ಬ್ರೀದರಿಂದ ನನ್ ರಂಗೋಲಿ ಮೇಲೆ. ಹೊಗೆಗೂ ಅದೇ ಕಾರಣ, ರಿಂಗಲ್ಲ. ಮಾವನೋರು ಮಂಚದ ಮೇಲಿಂದ್ಲೇ "ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಮ್ಮ" ಅಂದ್ರು. ನಾನೂ ಅಕ್ಕನ ಮಗನೂ ಬಿಚ್ಚಿದ್ವಿ. ಹಳೇ ಬಾಣಲೆ ತುಂಬ್ತು.

ಆಮೇಲೆ ಫಿಲ್ಟರು. ಟೈಮಿಂಗ್ ಕವರ್ ಕೆಳಗೆ ಒಂದು ಮುಚ್ಚಳ, ಅದ್ರೊಳಗೆ ಫೆಲ್ಟ್ ಬಟ್ಟೇದು. ಹೊರಗೆ ತೆಗೆದ್ರೆ ಅದು ಫಿಲ್ಟರ್ ಥರಾನೇ ಇರ್ಲಿಲ್ಲ, ಒಲೆ ಹಿಂದಿನ ಗೋಡೆ ಜಿಡ್ಡನ್ನ ಉಂಡೆ ಕಟ್ಟಿದಂಗಿತ್ತು. ಅದನ್ನ ದಾಟಿ ಎಣ್ಣೆ ಹೋಗೋದಾದ್ರೂ ಹೇಗೆ? ಆದ್ರೆ ಎಸೀಲಿಲ್ಲ. ಬಿಳೀ ತಟ್ಟೇಲಿ ಪೆಟ್ರೋಲ್ ಹಾಕಿ ತೊಳೆದು ಬಿಸಿಲಲ್ಲಿ ನೋಡಿದ್ವಿ. ಮಿಣಮಿಣ ಲೋಹದ ಚೂರು ಕಂಡಿದ್ರೆ ಅವನು ಹೇಳಿದ್ದೇ ನಿಜ, ಬುಷ್ಷೋ ಬೇರಿಂಗೋ ತಿನ್ನಿಸ್ಕೊಂಡಿದೆ ಅಂತರ್ಥ, ಬಾಯ್ಮುಚ್ಕೊಂಡು ದುಡ್ಡು ಕೊಡ್ತಿದ್ದೆ. ಒಂದು ಚೂರೂ ಇರ್ಲಿಲ್ಲ. ಬರೀ ಮಡ್ಡಿ. ಈ ಪರೀಕ್ಷೆಗೆ ಅವನಿಗೆ ಹತ್ತು ನಿಮಿಷ ಸಾಕಿತ್ತು.

ಟೈಮಿಂಗ್ ಕವರ್ ಬಿಚ್ಚಿದ್ಮೇಲೆ ಮಾವನೋರು ಕುರ್ಚಿ ಹಾಕ್ಸ್ಕೊಂಡು ಹೊರಗೇ ಬಂದು ಕೂತ್ರು. ಬೆರಳಲ್ಲಿ ಮುಟ್ಟಿ ಮುಟ್ಟಿ ಹೇಳೋರು. ಪಂಪುಗಳನ್ನ ಓಡಿಸೋ ವರ್ಮಿನ ಹಲ್ಲು ಸರಿ ಇತ್ತು. (ಅದ್ರ ನಟ್ಟು ಎಡಮರೆ, ಉಲ್ಟಾ ತಿರುಗಿಸ್ಬೇಕು. ಗೊತ್ತಿಲ್ದೋರು ಬಲವಂತ ಮಾಡಿ ಹಾಳು ಮಾಡ್ತಾರೆ.) ಪಂಪಿನ ಬಿಲ್ಲೆ ಗೀರಿಲ್ದೆ ನುಣ್ಣಗಿತ್ತು, ಸ್ಪ್ರಿಂಗು ಗಟ್ಟಿ ಇತ್ತು. ಆದ್ರೆ ಎಣ್ಣೆ ಕ್ರಾಂಕ್ ಒಳಗೆ ಹೋಗೋ ಬಾಯಲ್ಲಿ ಒಂದು ಸಣ್ಣ ಕಾರ್ಕ್ ಸೀಲ್ ಇರುತ್ತೆ, ಅದು ಕೊಬ್ಬರಿ ತುರಿ ಥರ ಉದುರ್ತು. ಅಂದ್ರೆ ಪಂಪು ಕಷ್ಟಪಟ್ಟು ತಳ್ಳಿದ ಎಣ್ಣೆ ಕ್ರಾಂಕಿಗೆ ಹೋಗೋ ಮೊದ್ಲೇ ಪಕ್ಕಕ್ಕೆ ಸೋರ್ತಿತ್ತು. ಸೀಲು, ಫೆಲ್ಟು, ಗ್ಯಾಸ್ಕೆಟ್ಟು ಜೆ.ಸಿ. ರಸ್ತೇಲಿ ಸಿಕ್ತು. ಹೊಸ ಆಯಿಲ್ ಸೇರಿ ಎಲ್ಲಾ ಎರಡು ಸಾವಿರ ದಾಟ್ಲಿಲ್ಲ.

ಕಟಕಟ ಸದ್ದು? ಅದು ಟ್ಯಾಪೆಟ್ಟು. ಇಂಜಿನ್ ತಣ್ಣಗಿರ್ಬೇಕಾದ್ರೆ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗ್ಬೇಕು, ಮೇಲೆ ಕೆಳಗೆ ಅಲ್ಲಾಡ್ಬಾರ್ದು. ನಮ್ಮದು ಅಲ್ಲಾಡ್ತಿತ್ತು. ಕ್ರಾಂಕಿನ ಸದ್ದು ಬೇರೆ, ಕೆಳಗಿಂದ ಒನಕೆ ಕುಟ್ಟಿದಂಗೆ ದಪ್ಪಗೆ ಬರುತ್ತೆ. ಅದು ಕೇಳಿದ್ರೆ ಮಾತ್ರ ಆ ಕ್ಷಣ ಗಾಡಿ ಆಫ್ ಮಾಡಿ, ಆಗ ಹಟ ಬೇಡ.

ಈ ನಡುವೆ ಎದುರುಮನೆ ಅಣ್ಣ ಬಂದು, "ನಮ್ ಯೆಜ್ಡೀಲಿ ಇದ್ಯಾವ ರಗಳೆನೂ ಇಲ್ಲ" ಅಂತ ಶುರು ಮಾಡಿದ್ರು. ಇರಲ್ಲ ಅಣ್ಣ! ಮೈಸೂರಲ್ಲಿ 1961ರಿಂದ 1996ರವರೆಗೆ ತಯಾರಾದ ಆ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್, ಪೆಟ್ರೋಲ್ ಜೊತೆಗೇ ಆಯಿಲ್ ಕಲಸಿ ಹಾಕ್ತೀರಿ. ಅವರು ಹೋದ್ಮೇಲೆ ಇನ್ನೊಬ್ರು ಬಂದು, "ದಪ್ಪ ಆಯಿಲ್ ಹಾಕು, ಸದ್ದು ಅಡಗುತ್ತೆ" ಅಂದ್ರು. ಇದಂತೂ ನನ್ಗೆ ಮೈಯೆಲ್ಲಾ ಉರಿಯೋ ಮಾತು. ಬೆಲ್ಲದ ಪಾಕ ಆರಿ ಗಟ್ಟಿಯಾದ್ಮೇಲೆ ಜರಡೀಲಿ ಸೋಸಿ ನೋಡಿ. ಬೆಳಿಗ್ಗೆ ತಣ್ಣಗಿರೋ ಇಂಜಿನ್ನಲ್ಲಿ ದಪ್ಪ ಆಯಿಲ್ ಹಂಗೇ, ಬೇಕಾದ ಜಾಗಕ್ಕೆ ತಡವಾಗಿ ಹೋಗುತ್ತೆ. ಸದ್ದು ಅಡಗೋದು ಕಾಯಿಲೆ ವಾಸಿ ಆಗಿ ಅಲ್ಲ. ನಾವು 20ಡಬ್ಲ್ಯೂ-50 ಹಾಕಿದ್ವಿ, ಅಷ್ಟೇ.

ಎಲ್ಲಾ ಜೋಡಿಸಿ, ಫಿಲ್ಟರ್ ಕೋಣೆಗೂ ಆಯಿಲ್ ತುಂಬಿ, ಮೇಲೆ ರಾಕರಿಗೆ ಹೋಗೋ ಪೈಪಿನ ಬೋಲ್ಟು ಚೂರು ಸಡಿಲ ಮಾಡಿ ಸ್ಟಾರ್ಟ್ ಮಾಡಿದ್ವಿ. ಮೊದ್ಲು ಏನೂ ಇಲ್ಲ. ನನ್ ಎದೆ ಡವಡವ. ಆಮೇಲೆ ಗುಳ್ಳೆ, ಗುಳ್ಳೆ ಹಿಂದೆ ಹೊಂಬಣ್ಣದ ಹನಿ. ಇದ್ರಿಂದ ಎಣ್ಣೆ ಓಡಾಡ್ತಿದೆ ಅಂತ ಮಾತ್ರ ಗೊತ್ತಾಗುತ್ತೆ, ಪ್ರೆಶರ್ ಎಷ್ಟು ಅಂತ ಅಲ್ಲ, ಅದನ್ನೂ ಹೇಳ್ಬಿಡ್ತೀನಿ. ಹಾಗಾಗಿ ನೂರು ಕಿಲೋಮೀಟರ್ ಆದ್ಮೇಲೆ ಫೆಲ್ಟ್ ಮತ್ತೆ ತೆಗೆದು ತಟ್ಟೇಲಿ ನೋಡಿದ್ವಿ. ಮಿಣುಕು ಇಲ್ಲ.

ಮೊನ್ನೆ ಭಾನುವಾರ ನಮ್ಮೋರು ಮಾವನೋರನ್ನ ಹಿಂದೆ ಕೂರಿಸ್ಕೊಂಡು ಗಂಗಮ್ಮನ ಗುಡಿ ತನಕ ಹೋಗ್ಬಂದ್ರು. ಅಬ್ಬಿಗೆರೆ ಓರಗಿತ್ತಿ ಮನೇಲೂ ಒಂದು ಹಳೇ ಬುಲೆಟ್ ಇದ್ಯಂತೆ, ಅದೇ ಮೆಕ್ಯಾನಿಕ್ಕು, ಅದೇ ಮಾತಂತೆ. ಅಡ್ವಾನ್ಸ್ ಕೊಡೋಕ್ ಮುಂಚೆ ಬಾರಮ್ಮ. ಆ ಜಿಡ್ಡಿನುಂಡೆ ಫೆಲ್ಟು ಇನ್ನೂ ನಮ್ ಬಚ್ಚಲ ಕಿಟಕಿ ಮೇಲೇ ಇದೆ.