ಚಿಪ್ಪಿಗೆ ಇರುವ ಶಿಸ್ತು ಕನ್ನಡಕ್ಕೆ ಏಕಿಲ್ಲ?

ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರೇ, ಈ ಮಾತು ನಿಮಗೇ! 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಚಿಪ್ಪಿನ ಕೆಲಸ ನಮ್ಮ ನಾಡಿನದೂ ಆಯಿತು. ಅಲ್ಲಿ ನೀವು ದಿನವೂ ಪಾಲಿಸುವ ಶಿಸ್ತೊಂದಿದೆ. ಅದನ್ನು ಕನ್ನಡಕ್ಕೆ ಯಾಕೆ ತರಲಿಲ್ಲ?

ಪಿಯುಸಿ ಓದಿದ ನನಗೆ ಇದನ್ನು ತಿಳಿಸಿದವನು ನನ್ನ ಅಕ್ಕನ ಮಗ. ಚಿಪ್ಪಿನ ಯಾವ ಭಾಗ ಯಾವ ವಿಳಾಸದಲ್ಲಿದೆ ಎಂದು ಲಿನಕ್ಸಿಗೆ ಹೇಳುವ ಕಡತಕ್ಕೆ ಡಿವೈಸ್ ಟ್ರೀ ಅಂತ ಹೆಸರು. ಅದಕ್ಕೂ ಮೊದಲು ಆರ್ಮ್ ಚಿಪ್ಪುಗಳಿಗೆ ಬೋರ್ಡಿಗೊಂದು ಕೋಡು ಬರೆದು ಬರೆದು ರಾಶಿ ಬಿದ್ದಿತ್ತು. 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಸಿಡಿದೆದ್ದರು. ಆಮೇಲೆ ಎಲ್ಲ ದಾರಿಗೆ ಬಂತು. ಬೀಗಲ್‌ಬೋನ್ ಬೋರ್ಡುಗಳನ್ನೇ ನೋಡಿ. ಚಿಪ್ಪಿನ ಕುಟುಂಬಕ್ಕೆಲ್ಲ ಒಂದೇ ಮೂಲ ಕಡತ. ಒಂದೊಂದು ಬೋರ್ಡೂ ತನ್ನ ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಮೂಲದಲ್ಲಿ ಒಂದು ತಪ್ಪು ತಿದ್ದಿದರೆ ಇಡೀ ಕುಟುಂಬಕ್ಕೇ ತಿದ್ದಿದಂತೆ.

ಈಗ ಸಂಗನಕಲ್ಲಿನ ನನ್ನ ಪ್ರೆಸ್ಸಿಗೆ ಬನ್ನಿ. ಒಂದು ಸಂಘದವರು ಹಳೇ ಸ್ಮರಣ ಸಂಚಿಕೆಯ ಫೈಲು ತಂದರು. ತೆರೆದರೆ ನಮ್ಮೂರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು! ಕಲ್ಲುಕೊಡಲಿ ಮಾಡುತ್ತಿದ್ದ ಜನ ನಮ್ಮ ಗುಡ್ಡದ ಬಂಡೆಗಳ ಮೇಲೆ ಸಾವಿರಾರು ವರ್ಷದ ಹಿಂದೆ ಕುಟ್ಟಿದ ಚಿತ್ರ ಇವತ್ತಿಗೂ ಕಾಣುತ್ತದೆ. ಇಪ್ಪತ್ತು ವರ್ಷದ ಹಿಂದೆ ಟೈಪು ಮಾಡಿದ ಕನ್ನಡ ಕಾಣುವುದಿಲ್ಲ!

ಕಾರಣ ಸರಳ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಡಿಟಿಪಿಯವರ ಕೈಗೆ ಬಂದದ್ದು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು. ನುಡಿ, ಬರಹಗಳ ಹಳೇ ಫಾಂಟುಗಳು ಹೆಚ್ಚುಕಡಿಮೆ ಒಂದೇ ಕುಟುಂಬ. ಶ್ರೀಲಿಪಿಯ ದಾರಿ ಬೇರೆ. ಇವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಗಳು ಇವೆ, ಇಲ್ಲವೆನ್ನುವುದಿಲ್ಲ, ಮಾಡಿದವರಿಗೆ ಕೈಮುಗಿಯುತ್ತೇನೆ. ಆದರೆ ಒಬ್ಬೊಬ್ಬರದೂ ಬೇರೆ ಬೇರೆ ಪಟ್ಟಿ! ‘ಸೂರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ‘ಯ’ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು. ಈ ಹಿಂದುಮುಂದನ್ನು ಒಬ್ಬ ತನ್ನ ಪಟ್ಟಿಯಲ್ಲಿ ಸರಿಮಾಡಿದರೆ ಇನ್ನೊಬ್ಬನಿಗೆ ಅದು ತಲುಪುವುದೇ ಇಲ್ಲ. ಸಂಘದವರ ಆ ಸಂಚಿಕೆಯನ್ನು ಕೊನೆಗೆ ನಾವು ಹಳೇ ಪ್ರತಿ ನೋಡಿಕೊಂಡು ಮೊದಲಿಂದ ಟೈಪು ಮಾಡಿದೆವು. ಮುದ್ರಿತ ಪ್ರತಿಯೂ ಇಲ್ಲದ ಫೈಲುಗಳ ಗತಿ ಏನು?

ಬೇಕಾದದ್ದು ಚಿಪ್ಪಿನವರ ಪದ್ಧತಿಯೇ. ಎಲ್ಲರಿಗೂ ತೆರೆದಿಟ್ಟ ಒಂದು ಮೂಲ ಪಟ್ಟಿ, ಅರ್ಕಾವತ್ತು ಒತ್ತಕ್ಷರದ ನಿಯಮವೆಲ್ಲ ಅದರಲ್ಲಿ. ಒಂದೊಂದು ಫಾಂಟಿಗೆ ಅದರ ವ್ಯತ್ಯಾಸವಷ್ಟೇ ಇರುವ ಸಣ್ಣ ಕಡತ. ಫಾಂಟು ಮಾರಿ ದುಡ್ಡು ಮಾಡಿದವರು ತಮ್ಮ ಸಂಕೇತದ ಪಟ್ಟಿಯನ್ನು ಬಹಿರಂಗ ಮಾಡಲಿ. ಮಾಡಿಸುವುದು ಸರ್ಕಾರದ ಕೆಲಸ. ಕಡತ ಬರೆಯುವುದು ನಿಮ್ಮ ಕೆಲಸ, ಸಂಬಳಕ್ಕೆ ಅದನ್ನೇ ಮಾಡುತ್ತಿದ್ದೀರಲ್ಲ! ಪರೀಕ್ಷೆ ಮಾಡಲು ಫೈಲು ಬೇಕೆಂದರೆ ನಮ್ಮ ಪ್ರೆಸ್ಸಿನಲ್ಲಿ ಎರಡು ಡಬ್ಬಿ ತುಂಬ ಹಳೇ ಸಿಡಿಗಳಿವೆ.