ಪ್ಲೇಟ್ಲೆಟ್ ಸಂರಕ್ಷಣೆಯ ಪ್ರಶ್ನೆ

ಮಳೆಗಾಲವು ಕಾಲಿಟ್ಟಿತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಮನೆಮನೆಗಳಲ್ಲಿ ಡೆಂಗೀ ಜ್ವರದ ಭೀತಿಯು ತಲೆದೋರುವುದು ವಾಡಿಕೆಯೇ ಆಗಿಹೋಗಿದೆ. ೨೦೨೪ನೆಯ ಇಸವಿ ಸಪ್ಟೆಂಬರದಲ್ಲಿ ರಾಜ್ಯ ಸರಕಾರದವರು ಇದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದುದು ವಾಚಕರ ನೆನಪಿನಲ್ಲಿರಬಹುದು. ಜ್ವರ ಬಂದ ಮೂರು ನಾಲ್ಕು ದಿವಸಗಳಲ್ಲಿ ಬಂಧುಗಳ ಬಾಯಲ್ಲಿ ಒಂದೇ ಮಾತು: ಪ್ಲೇಟ್ಲೆಟ್ ಎಷ್ಟು? (ಇದನ್ನು ‘ಬಿಳಿ ರಕ್ತಕಣ’ವೆಂದು ನಮ್ಮ ಪತ್ರಿಕೆಗಳು ಬರೆಯುತ್ತ ಬಂದಿರುವುದು ತಪ್ಪು, ನಾವೂ ಆ ತಪ್ಪಿಗೆ ಹೊರತಲ್ಲ. ಬಿಳಿ ಕಣವೇ ಬೇರೆ, ರಕ್ತವನ್ನು ಹೆಪ್ಪುಗಟ್ಟಿಸುವ ಈ ಕಿರುತಟ್ಟೆಯೇ ಬೇರೆ.)

ಹೋದ ವರ್ಷ ಒಂದು ರಾತ್ರಿ ರಾಯಚೂರಿನ ಕಡೆಯ ಬಸ್ಸಿನಿಂದ ಸಿಂಧನೂರಿನಲ್ಲಿ ಇಳಿದ ತರುಣನೊಬ್ಬನನ್ನು ನಾವು ಕಂಡೆವು. ಕೈಯಲ್ಲಿ ಥರ್ಮೋಕೋಲಿನ ಡಬ್ಬಿ, ಒಳಗೆ ಮಂಜುಗಡ್ಡೆ, ಅದರ ಮೇಲೆ ಹಳದಿ ಬಣ್ಣದ ನಾಲ್ಕು ಚೀಲಗಳು. ತಮ್ಮನನ್ನು ಉಳಿಸಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಗಡ್ಡೆ ಕೊಂಡು ತುಂಬಿದ್ದನಂತೆ. ಆ ಶ್ರದ್ಧೆಯೇ ಚೀಲದೊಳಗಿನ ವಸ್ತುವನ್ನು ಕೆಡಿಸತಕ್ಕದ್ದೆಂದು ಅವನಿಗೆ ಹೇಳಿದವರಾರೂ ಇದ್ದಿಲ್ಲ.

ಕೆಂಪು ಕಣಗಳನ್ನು ೨ರಿಂದ ೬ ಡಿಗ್ರಿ ತಂಪಿನಲ್ಲಿ ಐದಾರು ವಾರ ಇಡಬಹುದು. ಪ್ಲೇಟ್ಲೆಟ್ಟಿನ ಸ್ವಭಾವವು ಇದಕ್ಕೆ ವಿರುದ್ಧವಾದುದು. ತಂಪಿಗೆ ಸಿಕ್ಕರೆ ಅದರ ಆಕಾರವೇ ಮಾರ್ಪಟ್ಟು, ರೋಗಿಯ ಶರೀರವು ಅದನ್ನು ಬೇಗನೆ ರಕ್ತದಿಂದ ಹೊರಹಾಕುತ್ತದೆ. ಇದನ್ನು ೧೯೬೯ರಲ್ಲಿ ಅಮೇರಿಕದ ಮರ್ಫಿ, ಗಾರ್ಡನರ್ ಎಂಬ ವೈದ್ಯರು ತೋರಿಸಿಕೊಟ್ಟರು. ಅಂದಿನಿಂದ ಅದನ್ನು ೨೦ರಿಂದ ೨೪ ಡಿಗ್ರಿಯಲ್ಲಿ ಮೆಲ್ಲಗೆ ಅಲುಗಾಡಿಸುತ್ತ ಇಡುವ ಪದ್ಧತಿ ಬಂದಿತು. ಅಲುಗದಿದ್ದರೆ ಪ್ರಾಣವಾಯು ಸಾಲದೆ ಆಮ್ಲವು ಹೆಚ್ಚುವುದು. ಆದರೆ ಪ್ಲೇಟ್ಲೆಟ್ಟಿಗೆ ಹಿತವಾದ ಈ ಬಿಸುಪು ರೋಗಾಣುವಿಗೂ ಹಿತವೇ. ದಾನಿಯ ತೋಳಿನ ಚರ್ಮದಿಂದ ಒಂದೆರಡು ಅಣುಗಳು ಒಳಸೇರಿದರೂ ದಿನಕಳೆದಂತೆ ಲಕ್ಷಾಂತರವಾಗುವುವು. ಅಮೇರಿಕದವರು ೧೯೮೪ರಲ್ಲಿ ಏಳು ದಿನದ ಅವಧಿಯನ್ನು ಒಪ್ಪಿ, ಈ ಭಯದಿಂದಲೇ ೧೯೮೬ರಲ್ಲಿ ಐದಕ್ಕೆ ಇಳಿಸಿದರು. ನಮ್ಮಲ್ಲಿಯೂ ಐದೇ ದಿನ. ರಕ್ತಸ್ರಾವದ ರೋಗಿಗೆ ಬೇರೆ ದೊರೆಯದಿದ್ದಾಗ ತಂಪಿನಲ್ಲಿ ಕಾಪಾಡಿದುದನ್ನು ೧೪ ದಿನದವರೆಗೆ ಕೊಡಬಹುದೆಂದು ೨೦೨೩ರಲ್ಲಿ ಅಲ್ಲಿ ಅನುಮತಿಯಾಗಿದೆಯಾದರೂ, ಅದು ಬೇರೆಯೇ ಕ್ರಮ. ಬಸ್ಸಿನ ಡಬ್ಬಿಗೆ ಅದು ಸಮರ್ಥನೆಯಾಗದು.

ಎರಡು ತಾಸಿನ ಹಾದಿಯು ಸ್ವತಃ ಶತ್ರುವಲ್ಲ. ಅಲುಗಾಟವಿಲ್ಲದೆ ಒಂದು ದಿನದವರೆಗೆ ಅದು ತಾಳಬಲ್ಲುದು. ಶತ್ರುಗಳೆಂದರೆ ಮಂಜುಗಡ್ಡೆ ಮತ್ತು ನಮ್ಮ ಸೀಮೆಯ ಬಿಸಿಲು.

೨೦೨೨ರ ಅಕ್ಟೋಬರದಲ್ಲಿ ಪ್ರಯಾಗರಾಜದಲ್ಲಿ ಡೆಂಗೀ ರೋಗಿಯೊಬ್ಬನು ತೀರಿಕೊಂಡಾಗ, ಪ್ಲೇಟ್ಲೆಟ್ಟೆಂದು ಮೂಸಂಬಿಯ ರಸವನ್ನೇ ಏರಿಸಿದರೆಂದು ದೇಶವೆಲ್ಲ ಗುಲ್ಲಾಯಿತು. ರಸವಲ್ಲ, ಸರಿಯಾಗಿ ಕಾಪಾಡದ ಪ್ಲೇಟ್ಲೆಟ್ಟೆಂದು ಆಮೇಲೆ ಅಲ್ಲಿಯ ಅಧಿಕಾರಿಗಳು ತಿಳಿಸಿದರು. ರಸದ ಮಾತಿಗೆ ಕೆರಳಿದ ಜನ ಈ ಎರಡನೆಯ ಮಾತಿಗೆ ಅಷ್ಟಾಗಿ ಕೆರಳಲಿಲ್ಲವೆಂಬುದೇ ನಮಗೆ ವಿಸ್ಮಯ.

ಬೇಡಿಕೆಯ ಕುರಿತೂ ಒಂದು ನಿಷ್ಠುರ ಮಾತು. ರಕ್ತಸ್ರಾವವಿಲ್ಲದ ರೋಗಿಗೆ ಸಂಖ್ಯೆ ೧೦,೦೦೦ಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್ಲೆಟ್ ಏರಿಸಬೇಕಾದುದಿಲ್ಲವೆಂಬುದು ನಮ್ಮ ದೇಶದ ಮಾರ್ಗಸೂಚಿ. ಸಂಖ್ಯೆ ೨೦,೦೦೦ಕ್ಕೆ ಇಳಿದರೂ ಸ್ರಾವವಿಲ್ಲದವರಿಗೆ ಮುಂಜಾಗ್ರತೆಯೆಂದು ಕೊಟ್ಟುದರಿಂದ ಪ್ರಯೋಜನವಾಗಲಿಲ್ಲವೆಂದು ಸಿಂಗಪುರ, ಮಲೇಶಿಯಗಳಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆ ತಿಳಿಸಿತು. ಡೆಂಗೀಯಲ್ಲಿ ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ರಕ್ತನಾಳಗಳಿಂದ ದ್ರವವು ಸೋರುವುದು. ಅದಕ್ಕೆ ಬೇಕಾದುದು ಅಳತೆಯರಿತು ಕೊಡುವ ಸಲೈನು. ಐವತ್ತು ಸಾವಿರವನ್ನು ಕಂಡೇ ವೈದ್ಯರ ಮೇಲೆ ಏರಿಹೋಗುವ ಬಂಧುಗಳು, ಅವರಿಗೆ ಹೆದರಿ ಚೀಟಿ ಬರೆಯುವ ವೈದ್ಯರು, ಇಬ್ಬರೂ ಕೂಡಿ ನಿಜವಾಗಿ ರಕ್ತ ಸುರಿಯುತ್ತಿರುವ ಬಾಣಂತಿಯ ಪಾಲನ್ನು ಕಸಿಯುತ್ತಾರೆ.

ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಬಿನ್ನಹವು ದೊಡ್ಡದಲ್ಲ. ಚೀಲಗಳು ರೋಗಿಯ ಬಂಧುವಿನ ಕೈಯಲ್ಲಿ ಹೋಗದೆ, ಉಷ್ಣಮಾಪಕವಿರುವ ಪೆಟ್ಟಿಗೆಯಲ್ಲಿ ಸಿಬ್ಬಂದಿಯೊಡನೆ ಹೋಗಲಿ. ತಾಲೂಕಾಸ್ಪತ್ರೆಗಳ ದಾದಿಯರಿಗೆ ಚೀಲವನ್ನು ಬೆಳಕಿಗೆ ಹಿಡಿದು ನೋಡುವುದನ್ನು ಕಲಿಸಲಿ: ಜೀವಂತವಾಗಿದ್ದರೆ ಒಳಗೆ ಮಿನುಗುವ ಮೋಡದಂತೆ ಸುಳಿಯುವುದು, ಕೆಟ್ಟಿದ್ದರೆ ಮಂಕಾಗಿ ನಿಲ್ಲುವುದು. ಪೆಟ್ಟಿಗೆಗಳು ಬರುವತನಕ ಪ್ರತಿ ಚೀಲಕ್ಕೂ ‘ಮಂಜುಗಡ್ಡೆ ಹಾಕಕೂಡದು, ಬಿಸಿಲಿಗಿಡಕೂಡದು’ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಒಂದು ಚೀಟಿಯನ್ನಾದರೂ ಅಂಟಿಸಲಿ. ಇದಕ್ಕೆ ಮುಂದಿನ ಮಳೆಗಾಲದವರೆಗೆ ಕಾಯಬೇಕಾದ ಕಾರಣ ನಮಗೆ ಕಾಣದು.