ಹುಳುವಿನ ಮನೆ

"ನೀನೊಂದು ಹುಳು" ಎಂಬ ಬೈಗುಳ ನಮ್ಮ ತರಗತಿಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಇದಕ್ಕೆ ನನ್ನ ಆಕ್ಷೇಪವಿದೆ. ಕಾರಣಕ್ಕೆ ಒಂದೇ ನಿದರ್ಶನ ಸಾಕು.

ಕ್ಯಾಲಿಫೋರ್ನಿಯಾದ ಕಡಲಬಂಡೆಗಳ ಮೇಲೆ ಮರಳುಕೋಟೆಯ ಹುಳುವೆಂಬ ಮೆದುದೇಹದ ಜೀವಿಯೊಂದು ವಾಸಿಸುತ್ತದೆ. ಅಲೆ ಎಬ್ಬಿಸಿದ ಮರಳನ್ನೂ ಚಿಪ್ಪಿನ ಚೂರುಗಳನ್ನೂ ಅದು ಎಳೆಯಂತಹ ಕರಬಳ್ಳಿಗಳಿಂದ ಹಿಡಿದು, ಬಾಯ ಬಳಿಗೆ ತಂದು, ಒಂದೊಂದನ್ನೂ ತಡವಿ ಪರೀಕ್ಷಿಸುತ್ತದೆ. ಒಪ್ಪದ ಕಣವನ್ನು ಬಿಸುಡುತ್ತದೆ. ಒಪ್ಪಿದ ಕಣಕ್ಕೆ ತನ್ನ ಗ್ರಂಥಿಗಳ ಅಂಟನ್ನು ಸವರಿ, ಕೊಳವೆಯ ಅಂಚಿನಲ್ಲಿ ಕೂರಿಸಿ, ಅಲುಗಾಡಿಸಿ ನೋಡಿದ ಮೇಲೆಯೇ ಕೈಬಿಡುತ್ತದೆ. ನಮ್ಮ ಗೋಂದು ನೀರಿನಲ್ಲಿ ಕರಗಿಹೋಗುತ್ತದೆ. ಇದರ ಅಂಟಾದರೋ ಉಪ್ಪುನೀರಿನೊಳಗೇ ಸುಮಾರು 30 ಸೆಕೆಂಡುಗಳಲ್ಲಿ ಬಿಗಿಯುತ್ತದೆ! ಪ್ರಯೋಗಶಾಲೆಯಲ್ಲಿ ಗಾಜಿನ ಮಣಿಗಳನ್ನಿತ್ತರೆ ಅವುಗಳಿಂದಲೂ ಮನೆ ಕಟ್ಟುತ್ತದೆ. ಮುರಿದ ಮೂಳೆಯ ಚೂರುಗಳನ್ನು ಕೂಡಿಸಲು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಅಂಟನ್ನೇ ಅನುಕರಿಸಿ ಪ್ರಯೋಗ ನಡೆಸಿದ್ದಾರೆ.

ಹುಳುವಿಗೆ ಬುದ್ಧಿಯಿದೆಯೆಂದು ನಾನು ವಾದಿಸುತ್ತಿಲ್ಲ. ವಾದಿಸಿದರೆ ನಮ್ಮ ವಿಜ್ಞಾನದ ಮೇಷ್ಟರು ಸುಮ್ಮನಿರಲಾರರು. ಆದರೆ ಅಸಂಖ್ಯ ಕೊಳವೆಗಳು ಕೂಡಿ ಜೇನುಗೂಡಿನಂತಹ ದಿಬ್ಬವಾದಾಗ ಅದರ ಬಿರುಕುಗಳಲ್ಲಿ ಏಡಿ ಮೊದಲಾದ ಪ್ರಾಣಿಗಳಿಗೂ ಆಶ್ರಯ ದೊರೆಯುತ್ತದೆ. ಬರಿಯ ಮರಳಿನ ಗುಡ್ಡೆಯೆಂದು ತುಳಿದು ಹೋಗುವವರ ಕಾಲಡಿಯಲ್ಲಿ ಅದು ಮುರಿದು ಪುಡಿಯಾಗುತ್ತದೆ.